ಹಿನ್ನೀರಿನ ದಂಡೆಯಲ್ಲಿ ರೆಕಾರ್ಡಿಂಗ್: ಯಾವ ಸ್ಟೀರಿಯೋ ಮೈಕ್ ತಗೊಳ್ಳಲಿ?

ಮೈಕ್‌ಸೆಟ್ ಬೀಳಗಿ:

ಎಲ್ಲರಿಗೂ ನಮಸ್ಕಾರ. ಬೀಳಗಿಯಲ್ಲಿ ನಮ್ಮದು ಮೈಕ್‌ಸೆಟ್ ಬಾಡಿಗೆ ಕೊಡುವ ಧಂದೆ. ಅಪ್ಪನ ಕಾಲದಿಂದ ಇದೆ. ಮದುವೆ, ಜಾತ್ರೆ, ಭಜನೆ, ಶ್ರೀಕೃಷ್ಣ ಪಾರಿಜಾತದ ಆಟ, ಚುನಾವಣೆ, ಎಲ್ಲಕ್ಕೂ ನಮ್ಮ ಹಾರ್ನ್, ನಮ್ಮ ಬಾಕ್ಸ್. ಹಾಗಾಗಿ ಮೈಕ್ ಅಂದರೆ ಏನು ಅಂತ ಗೊತ್ತಿಲ್ಲದವನಲ್ಲ. ಆದರೆ ನನಗೆ ಗೊತ್ತಿರೋದು ಬಾಯಿಗೆ ಹಿಡಿಯುವ ಮೈಕ್. ದೂರದ ಸಣ್ಣ ಸದ್ದು ಹಿಡಿಯುವ ಮೈಕ್ ವಿಷಯದಲ್ಲಿ ನಾನು ಒಂದನೇ ಇಯತ್ತೆ.

ಹೋದ ವರ್ಷ ಫೆಬ್ರವರಿಯಲ್ಲಿ ಹೆರಕಲ್ ಕಡೆ ಒಂದು ರಾತ್ರಿ ಕಾರ್ಯಕ್ರಮ ಮುಗಿಸಿ, ಟಾಟಾ ಏಸ್‌ಗೆ ಬಾಕ್ಸ್ ಹೇರಿಕೊಂಡು ವಾಪಸ್ ಬರುತ್ತಿದ್ದೆ. ಇನ್ನೂ ನಸುಕು. ಮುಖ ತೊಳೆಯಲು ಹಿನ್ನೀರಿನ ಹತ್ತಿರ ಗಾಡಿ ನಿಲ್ಲಿಸಿದೆ. ಇಂಜಿನ್ ಬಂದ್ ಮಾಡಿದ ಮೇಲೆ ಮೊದಲು ಕೇಳಿದ್ದು ನನ್ನ ಕಿವಿಯೊಳಗಿನ ಕುಂಯ್ ಸದ್ದೇ. ರಾತ್ರಿಯಿಡೀ ಬಾಕ್ಸ್ ಮುಂದೆ ಕೂತವನ ಹಣೆಬರಹ. ಅದು ಸ್ವಲ್ಪ ಇಳಿದ ಮೇಲೆ ನೀರಿನ ಕಡೆಯಿಂದ ಹಕ್ಕಿಗಳ ಹಿಂಡೊಂದು ಎದ್ದಿತು. ಮೂಗಿನಿಂದ ಕೂಗಿದ ಹಾಗೆ ಆಂಗ್ ಆಂಗ್ ಅನ್ನುತ್ತ ಬಲಗಿವಿಯಲ್ಲಿ ಶುರುವಾಗಿ, ನೆತ್ತಿ ಮೇಲೆ ಹಾದು, ಎಡಗಿವಿಯಲ್ಲಿ ಮುಗಿಯಿತು. ಪಟ್ಟೆತಲೆ ಹೆಬ್ಬಾತು, ಚಳಿಗಾಲಕ್ಕೆ ಹಿಮಾಲಯ ದಾಟಿ ಬರುತ್ತವೆ ಅಂತ ಆಮೇಲೆ ನಮ್ಮೂರ ಮಾಸ್ತರರು ಹೇಳಿದರು.

ಇನ್ನೊಂದು ಹಿಂಡು ಎದ್ದಾಗ ಮೊಬೈಲ್ ಹಿಡಿದೆ. ಮನೆಗೆ ಬಂದು ಕೇಳಿದರೆ ಗಾಳಿ ಭರ್ ಭರ್ ಅನ್ನುತ್ತಿದೆ. ಬಾತುಗಳು ಬಾವಿಯೊಳಗೆ ಬಿದ್ದು ಕೂಗಿದ ಹಾಗಿವೆ. ಎಡ ಇಲ್ಲ, ಬಲ ಇಲ್ಲ. ಅವತ್ತಿನಿಂದ ಈ ಹುಳ ತಲೆ ಹೊಕ್ಕಿದೆ.

ಈಗ ನನ್ನ ಹತ್ತಿರ ಇರೋದು ಒಂದು ಝೂಮ್ ಎಚ್1ಎನ್ ರೆಕಾರ್ಡರ್, ನಾಲ್ಕು ಶೂರ್ ಎಸ್‌ಎಂ58 ಮೈಕ್, ಒಂದು 8 ಚಾನೆಲ್ ಮಿಕ್ಸರ್. ಬಜೆಟ್ 40 ಸಾವಿರ, ಈ ಸೀಸನ್ನಿನ ಮದುವೆ ದುಡ್ಡು. ನೋಡಿಟ್ಟಿರೋದು ಎರಡು: ರೋಡ್ ಎನ್‌ಟಿ4 ಅಥವಾ ಆಡಿಯೋ-ಟೆಕ್ನಿಕಾ ಬಿಪಿ4025. ಎರಡೂ ಒಂದೇ ಮೈಯಲ್ಲಿ ಎರಡು ಕ್ಯಾಪ್ಸೂಲ್ (ಸದ್ದು ಹಿಡಿಯುವ ತಲೆ) ಇರುವ ಸ್ಟೀರಿಯೋ ಮೈಕ್. ಆದರೆ ಅದನ್ನು ಕೊಂಡರೆ ರೆಕಾರ್ಡರ್‌ಗೆ ದುಡ್ಡು ಉಳಿಯಲ್ಲ. ಇಲ್ಲ, ಮೈಕ್ ಆಸೆ ಬಿಟ್ಟು, ದೊಡ್ಡ ಸದ್ದಿಗೂ ಫೈಲ್ ಒಡೆಯದ 32 ಬಿಟ್ ಫ್ಲೋಟ್ ಇರುವ ದೊಡ್ಡ ರೆಕಾರ್ಡರನ್ನೇ ತಗೊಳ್ಳಲಾ?

ನಮ್ಮ ಕಡೆಯ ಕಷ್ಟಗಳನ್ನೂ ಹೇಳಿಬಿಡುತ್ತೇನೆ. ಬಯಲು ಸೀಮೆ, ಗಾಳಿಗೆ ಅಡ್ಡ ಅಂತ ಏನೂ ಇಲ್ಲ. ತ್ರೀ ಫೇಸ್ ಕರೆಂಟ್ ಬಂದರೆ ಸುತ್ತಲಿನ ಪಂಪ್‌ಸೆಟ್ ಎಲ್ಲ ಒಟ್ಟಿಗೆ ಗುಂಯ್ ಅನ್ನುತ್ತವೆ. ಕಬ್ಬಿನ ಸೀಸನ್ ಬೇರೆ. ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರ್‌ಗಳು ಹಾಡು ಹಚ್ಚಿಕೊಂಡು ಹೋದರೆ ಎರಡು ಕಿಲೋಮೀಟರ್ ದೂರದವರೆಗೂ ಬೇರೆ ಏನೂ ಕೇಳಲ್ಲ. ಹಾಗೆ ನೋಡಿದರೆ ಅದರಲ್ಲಿ ಎಷ್ಟೋ ಡೆಕ್ ಕೂರಿಸಿದ್ದು ನಾನೇ. ಯಾರನ್ನ ಬೈಯಲಿ?


ಸುಮ್ನೆ ಓದುಗ:

ಅಣ್ಣಾ, ಮೊಬೈಲ್‌ನಲ್ಲಿ ಈಗ ಸ್ಟೀರಿಯೋ ಬರುತ್ತಲ್ವಾ? ಸೆಟ್ಟಿಂಗ್ಸ್ ನೋಡಿದ್ದೀರಾ? 40 ಸಾವಿರ ಯಾಕೆ ಸುಮ್ನೆ?


ಖಾನಾಪುರ ಮಳೆ:

ಮೊಬೈಲ್ ಮಾತಿಗಾಗಿ ಮಾಡಿದ್ದು. ಮನುಷ್ಯನ ದನಿ ಅಲ್ಲದ್ದನ್ನೆಲ್ಲ ಅದು ಗದ್ದಲ ಅಂತ ತಿಳಿದು ಒರೆಸಲು ನೋಡುತ್ತದೆ. ಜೀರುಂಡೆ ಸದ್ದು ಅದಕ್ಕೆ ಕಸ. ಜೊತೆಗೆ ಸಣ್ಣ ಸದ್ದನ್ನು ತಾನೇ ಏರಿಸುತ್ತೆ, ದೊಡ್ಡದನ್ನು ತಾನೇ ಇಳಿಸುತ್ತೆ. ಬಾತುಗಳು ಬಾವಿಯೊಳಗೆ ಬಿದ್ದಿದ್ದು ಹಾಗೇ. ಕೆಲವು ಆ್ಯಪ್‌ಗಳಲ್ಲಿ ಇದನ್ನು ಬಂದ್ ಮಾಡಬಹುದು, ಆದರೆ ಗಾಳಿಗೆ ಏನೂ ಮಾಡೋಕಾಗಲ್ಲ.

ಬೀಳಗಿಯವರೇ, ಎನ್‌ಟಿ4 ಕೆಟ್ಟದ್ದಲ್ಲ, ಬಿಪಿ4025 ಅಂತೂ ಒಳ್ಳೆಯ ಮೈಕೇ. ಆದರೆ ನಿಮ್ಮ ಕೆಲಸಕ್ಕೆ ಎರಡೂ ಬೇಡ ಅಂತೀನಿ. ಯಾಕೆ ಅಂತ ಹೇಳ್ತೀನಿ, ಸ್ವಲ್ಪ ಉದ್ದ ಆಗುತ್ತೆ.

ಮೊದಲನೆಯದು ಮೈಕಿನ ಸ್ವಂತ ಗದ್ದಲ. ಪ್ರತಿ ಮೈಕೂ ಸುಮ್ಮನಿದ್ದಾಗ ಒಂದಿಷ್ಟು ಸುಸ್ ಅನ್ನುತ್ತೆ. ಮದುವೆ ಮನೆಯಲ್ಲಿ ಅದು ಯಾರಿಗೂ ಗೊತ್ತಾಗಲ್ಲ. ಆದರೆ ಹಳ್ಳಿಯ ನಸುಕು 20ರಿಂದ 30 ಡೆಸಿಬಲ್‌ವರೆಗೂ ಇಳಿಯುತ್ತದೆ. ಮೈಕ್‌ದೇ 20ರ ಮೇಲಿದ್ದರೆ ನಿಮ್ಮ ಫೈಲ್‌ನಲ್ಲಿ ನಸುಕಿಗಿಂತ ಮೈಕೇ ಜಾಸ್ತಿ ಕೇಳುತ್ತೆ. ಎನ್‌ಟಿ4ದು 16, ಬಿಪಿ4025ದು 14. ಈಗ ಪ್ರೈಮೊ ಅನ್ನುವ ಜಪಾನಿ ಕಂಪನಿಯ ಇಎಂ272 ಅನ್ನೋ ಕ್ಯಾಪ್ಸೂಲ್ ನೋಡಿ. ಕಡಲೆಕಾಳಿಗಿಂತ ಸ್ವಲ್ಪ ದೊಡ್ಡದು ಅಷ್ಟೇ. ಅದರ ಕಾಗದದಲ್ಲಿ ಸಿಗ್ನಲ್-ನಾಯ್ಸ್ ಲೆಕ್ಕ 80 ಅಂತ ಬರೆದಿರುತ್ತೆ. ಈ ಲೆಕ್ಕವನ್ನು 94 ಡೆಸಿಬಲ್ ಸದ್ದು ಇಟ್ಟುಕೊಂಡು ಹೇಳೋದು ರೂಢಿ. 94ರಲ್ಲಿ 80 ಕಳೆಯಿರಿ, 14. ಅಷ್ಟು ದೊಡ್ಡ ಮೈಕಿನಷ್ಟೇ ತಣ್ಣಗಿದೆ ಇದು. ರೇಟು ಮಾತ್ರ ಅದರ ಹತ್ತಿರಕ್ಕೂ ಇಲ್ಲ. ಕ್ಲಿಪ್ಪಿ ಅನ್ನೋ ಹೆಸರಿನ ಜೋಡಿಮೈಕ್‌ನಲ್ಲಿ ಇರೋದು ಇದೇ ಕ್ಯಾಪ್ಸೂಲ್.

ಎರಡನೆಯದು ಎಷ್ಟು ವೋಲ್ಟೇಜ್ ಹೊರಗೆ ಕೊಡುತ್ತೆ ಅನ್ನೋದು. ಇದು ನಿಮಗೆ ಬೇಗ ತಿಳಿಯುತ್ತೆ. ಅದೇ 94 ಡೆಸಿಬಲ್ ಸದ್ದಿಗೆ ಎಸ್‌ಎಂ58 ಕೊಡೋದು 2 ಮಿಲಿವೋಲ್ಟ್‌ಗೂ ಕಡಿಮೆ. ಇಎಂ272 ಸುಮಾರು 40 ಮಿಲಿವೋಲ್ಟ್ ಕೊಡುತ್ತೆ. 20 ಪಟ್ಟು! ಎಚ್1ಎನ್‌ನ ಪ್ರೀಆಂಪ್, ಅಂದರೆ ಮೈಕಿನ ಸಣ್ಣ ಸಿಗ್ನಲ್ ಏರಿಸುವ ಭಾಗ, ಅಷ್ಟೇನೂ ತಣ್ಣಗಿಲ್ಲ ಅಂತ ಎಲ್ಲರೂ ಬೈತಾರೆ. ನಿಜವೇ. ಆದರೆ ಮೈಕೇ ಜೋರಾಗಿ ಕೊಟ್ಟರೆ ಗೇನ್ ಏರಿಸುವ ಪ್ರಸಂಗವೇ ಬರಲ್ಲ, ಪ್ರೀಆಂಪ್‌ನ ಸುಸ್ ಕೆಳಗೇ ಉಳಿಯುತ್ತೆ. ಎಚ್1ಎನ್‌ನ 3.5 ಎಂಎಂ ತೂತಿನಲ್ಲಿ ಪ್ಲಗ್-ಇನ್ ಪವರ್ (ಮೈಕಿಗೆ ಬೇಕಾದ ಕರೆಂಟ್ ಅದೇ ವೈರಿನಲ್ಲಿ) ಇದೆ, ಮೆನುವಿನಲ್ಲಿ ಆನ್ ಮಾಡಬೇಕು. ಅಂದರೆ ನಿಮ್ಮ ಹತ್ತಿರ ಅರ್ಧ ಸಾಮಾನು ಆಗಲೇ ಇದೆ.

ಮೂರನೆಯದೇ ನಿಮ್ಮ ಬಯಲಿಗೆ ಮುಖ್ಯ: ಗಾಳಿ. ಎನ್‌ಟಿ4, ಬಿಪಿ4025 ಎರಡೂ ಮುಂದಿನ ಸದ್ದು ಹಿಡಿದು ಹಿಂದಿನದನ್ನು ಬಿಡುವ ಜಾತಿ. ಆ ಜಾತಿಗೆ ಗಾಳಿ ಅಂದರೆ ಆಗದು. ಸುತ್ತಲೂ ಒಂದೇ ಸಮ ಕೇಳುವ ಓಮ್ನಿ ಮೈಕ್ ಅದೇ ಗಾಳಿಯಲ್ಲಿ ಎಷ್ಟೋ ಮೇಲು. ಕೈ ತಾಗಿದ ಸದ್ದೂ ಅದರಲ್ಲಿ ಕಡಿಮೆ. ಇಎಂ272 ಓಮ್ನಿ.

ಒಂದು ಎಚ್ಚರಿಕೆ. ಕ್ಯಾಪ್ಸೂಲ್‌ನಿಂದ ಕ್ಯಾಪ್ಸೂಲ್‌ಗೆ ಮೇಲೆ ಕೆಳಗೆ 3 ಡೆಸಿಬಲ್ ಫರಕು ಇರಬಹುದು. ನಾನು ಮೊದಲ ಸಲ ಆನ್‌ಲೈನ್‌ನಲ್ಲಿ ಒಂದು ಕಡೆ ಬಿಡಿ ಕ್ಯಾಪ್ಸೂಲ್ ತರಿಸಿ ನಾನೇ ಬೆಸುಗೆ ಹಾಕಿದೆ. ಎಡದ್ದು ಒಂದು ಜೋರು, ಬಲದ್ದು ಒಂದು ಮೆತ್ತಗೆ. ಮಳೆ ಪೂರ್ತಿ ಮನೆಯ ಎಡಗಡೆಯೇ ಸುರಿದ ಹಾಗಿತ್ತು! ಜೋಡಿ ಹೊಂದಿಸಿ ಮಾರುವವರ ಹತ್ತಿರ ತಗೊಳ್ಳಿ.


ಮೈಕ್‌ಸೆಟ್ ಬೀಳಗಿ:

ಸರ್, 94ರಲ್ಲಿ 80 ಕಳೆಯೋದು ಇಷ್ಟು ವರ್ಷ ಯಾರೂ ಹೇಳಿರಲಿಲ್ಲ. ದೊಡ್ಡ ಉಪಕಾರ ಆಯಿತು.

ಎರಡು ಅನುಮಾನ. ಓಮ್ನಿ ಅಂದರೆ ಸುತ್ತಲಿನದೆಲ್ಲ ಹಿಡಿಯುತ್ತಲ್ವಾ? ಹಾಗಾದರೆ ಹಿಂದೆ ರಸ್ತೆಯ ಮೇಲಿನ ಟ್ರ್ಯಾಕ್ಟರ್ ಗತಿ ಏನು? ಎರಡನೆಯದು, 32 ಬಿಟ್ ಫ್ಲೋಟ್ ಬಗ್ಗೆ ನೀವು ಮಾತೇ ಎತ್ತಲಿಲ್ಲ. ಯೂಟ್ಯೂಬ್‌ನಲ್ಲಿ ಎಲ್ಲರೂ ಅದನ್ನೇ ಹೊಗಳ್ತಾರೆ.


ಖಾನಾಪುರ ಮಳೆ:

ಟ್ರ್ಯಾಕ್ಟರ್ ಹಿಡಿದೇ ಹಿಡಿಯುತ್ತೆ. ಸುಳ್ಳು ಹೇಳಲ್ಲ. ಆದರೆ ಮುಂದಿನದು ಹಿಡಿದು ಹಿಂದಿನದನ್ನು ಬಿಡುವ ಕಾರ್ಡಿಯಾಯ್ಡ್ ಮೈಕ್ ಆದರೂ ದೂರದ ಇಂಜಿನ್‌ನ ಕೆಳಗಿನ ಗುಡುಗುಡು ಪೂರಾ ತಡೆಯಲ್ಲ. ಅದಕ್ಕೆ ಮದ್ದು ಮೈಕ್ ಅಲ್ಲ, ಗಡಿಯಾರ ಮತ್ತು ಜಾಗ. ತ್ರೀ ಫೇಸ್ ಯಾವಾಗ ಬರುತ್ತೆ ಅಂತ ನಿಮ್ಮೂರ ಯಾವ ರೈತರನ್ನು ಕೇಳಿದರೂ ಹೇಳ್ತಾರೆ. ಅದು ಹೋದ ಮೇಲೆ ಹೋಗಿ. ಇನ್ನು ರಸ್ತೆಗೂ ನಿಮಗೂ ನಡುವೆ ಒಂದು ಏರಿ, ಒಂದು ದಿಬ್ಬ, ಕೊನೆಗೆ ಒಂದು ಹಳ್ಳದ ತಗ್ಗಾದರೂ ಇರಲಿ. ನಾನು ಕಲ್ಲಿನ ಬದುವಿನ ಹಿಂದೆ ಮೊಣಕಾಲೆತ್ತರಕ್ಕೆ ಮೈಕ್ ಇಟ್ಟು ಮಾಡಿದ್ದು, ಆಳೆತ್ತರದ ಸ್ಟ್ಯಾಂಡ್‌ಗಿಂತ ಎಷ್ಟೋ ಚೆನ್ನಾಗಿ ಬಂದಿದೆ. ಕೆಳಗೆ ಗಾಳಿಯೂ ಕಡಿಮೆ.

32 ಬಿಟ್ ಫ್ಲೋಟ್ ಒಳ್ಳೆಯದೇ. ಅದು ಇರುವ ಝೂಮ್ ಎಫ್3 ರೆಕಾರ್ಡರಿನ ಪ್ರೀಆಂಪ್ ಕೂಡ ಬಹಳ ತಣ್ಣಗಿದೆ. ಅದರ ಸುಸ್ ಮೈನಸ್ 127 ಡಿಬಿಯು ಅಂತ ಲೆಕ್ಕ, ಎಷ್ಟು ಕೆಳಗಿದ್ದರೆ ಅಷ್ಟು ಒಳ್ಳೆಯದು, ಇಷ್ಟು ಚಿಕ್ಕ ಡಬ್ಬಿಗೆ ಅದು ದೊಡ್ಡ ಮಾತೇ. ದಿಢೀರ್ ಅಂತ ದೊಡ್ಡ ಸದ್ದು ಬಂದರೂ ಫೈಲ್ ಒಡೆಯಲ್ಲ. ಆದರೆ ಮೈಕೇ ಒಡೆದರೆ ಫ್ಲೋಟ್ ಏನು ಮಾಡುತ್ತೆ? ಮೈಕಿನ ಸುಸ್ ಸದ್ದೂ ಅದರಿಂದ ಕಡಿಮೆ ಆಗಲ್ಲ. ನೀವು ಇಪ್ಪತ್ತು ವರ್ಷ ಮಿಕ್ಸರ್ ಮುಂದೆ ಕೂತವರು, ಲೆವೆಲ್ ಇಡೋಕೆ ನಿಮಗೆ ಯಂತ್ರದ ಸಹಾಯ ಬೇಕಾ? 24 ಬಿಟ್‌ನಲ್ಲಿ ದೊಡ್ಡ ಸದ್ದು ಮೀಟರಿನಲ್ಲಿ ಮೈನಸ್ 12 ಡೆಸಿಬಲ್ ಹತ್ತಿರ ಬರೋ ಹಾಗೆ ಇಟ್ಟು ಕೈ ಬಿಡಿ. ಆಮೇಲೆ ಎಫ್3 ತಗೊಳ್ಳುವ ಮನಸ್ಸಾದರೆ ನೆನಪಿಡಿ, ಅದರಲ್ಲಿ ಎಕ್ಸ್‌ಎಲ್‌ಆರ್ ಇನ್‌ಪುಟ್ ಮಾತ್ರ ಇದೆ. 3.5 ಎಂಎಂ ಮೈಕಿಗೆ 48 ವೋಲ್ಟ್ ಇಳಿಸಿಕೊಡುವ ಅಡಾಪ್ಟರ್ ಬೇಕು, ಇಲ್ಲವೇ ಮೊದಲೇ ಎಕ್ಸ್‌ಎಲ್‌ಆರ್ ತಲೆಯ ಜೋಡಿ ತರಿಸಬೇಕು.

ಹಾಂ, ಈ ಪುಟ್ಟ ಕ್ಯಾಪ್ಸೂಲನ್ನು ಡೊಳ್ಳಿನ ಪಕ್ಕ, ಕರಡಿ ಮಜಲಿನ ಪಕ್ಕ ಹಿಡಿಯಬೇಡಿ. ಅಲ್ಲಿಗೆ ನಿಮ್ಮ ಎಸ್‌ಎಂ58ಗಳೇ ಗಂಡು.


ಫಾಲ್ಸ್ ಗೋಕಾಕ:

ಮೇಲಿನವರು ಹೇಳಿದ್ದಕ್ಕೆ ನನ್ನದೊಂದು ತಕರಾರು ಇದೆ. ಎರಡು ಓಮ್ನಿ ದೂರ ದೂರ ಇಟ್ಟು ಹಿಡಿದದ್ದು ಹೆಡ್‌ಫೋನ್‌ನಲ್ಲಿ ಸ್ವರ್ಗ. ಆದರೆ ಜನ ಕೇಳೋದು ಎಲ್ಲಿ? ಮೊಬೈಲಿನ ಒಂದೇ ಸ್ಪೀಕರ್‌ನಲ್ಲಿ! ಎಡ ಬಲ ಎರಡೂ ಕೂಡಿದಾಗ, ಒಂದೇ ಸದ್ದು ಎರಡು ಮೈಕಿಗೆ ಹಿಂದೆ ಮುಂದೆ ತಲುಪಿದ್ದರಿಂದ, ಕೆಲವು ಸ್ವರ ಒಂದನ್ನೊಂದು ತಿಂದುಹಾಕುತ್ತವೆ. ನಾನು ಫಾಲ್ಸ್ ಸದ್ದು ಹಾಗೆ ಹಿಡಿದು ಸ್ಟೇಟಸ್‌ಗೆ ಹಾಕಿದ್ದೆ. ನಮ್ಮ ಅತ್ತಿಗೆ ಕೇಳಿದರು, "ಏನಿದು, ಪೈಪಿನ್ಯಾಗ ನೀರ ಬಿಟ್ಟಾರೇನ?"

ನನ್ನ ಪ್ರಕಾರ ನಿಮ್ಮ ಕೆಲಸ ಊರವರಿಗೆ ಕೇಳಿಸೋದೇ ಆದರೆ ಎಂಎಸ್ (ಮಿಡ್-ಸೈಡ್) ಜೋಡಿ ಒಳ್ಳೆಯದು. ಒಂದು ಕ್ಯಾಪ್ಸೂಲ್ ಮುಂದಕ್ಕೆ, ಇನ್ನೊಂದು ಅಡ್ಡಕ್ಕೆ ಎಡ ಬಲ ನೋಡಿಕೊಂಡು. ಅಗಲ ಎಷ್ಟು ಬೇಕೋ ಮನೆಯಲ್ಲಿ ಕೂತು ಆಮೇಲೆ ಇಟ್ಟುಕೊಳ್ಳಬಹುದು. ಮೋನೋ ಮಾಡಿದರೆ ಅಡ್ಡದ್ದು ತಾನೇ ಕಳಚಿ ಬಿದ್ದು ಮುಂದಿನದು ಚೊಕ್ಕವಾಗಿ ಉಳಿಯುತ್ತೆ. ಬಜೆಟ್ ಮೀರುತ್ತೆ, ಗೊತ್ತು. ಆದರೂ ಹೇಳಿದೆ.

ಮೈಕ್ ವಿಷಯ ಅಲ್ಲದಿದ್ದರೂ ಇನ್ನೊಂದು. ನಮ್ಮ ಘಟಪ್ರಭೆ ಇಲ್ಲಿ 52 ಮೀಟರ್ ಕೆಳಗೆ ಬೀಳುತ್ತೆ. ಆಗಸ್ಟ್‌ನಲ್ಲಿ ಎದುರು ನಿಂತು ಹಿಡಿದರೆ ಬರೋದು ಟಿವಿ ಸಿಗ್ನಲ್ ಹೋದಾಗಿನ ಶ್ ಸದ್ದು, ಅಷ್ಟೇ. ಎಂಥ ಮೈಕ್ ತಂದರೂ ಅಷ್ಟೇ. ಮೂರು ವರ್ಷ ಅದನ್ನೇ ಹಿಡಿದು ಹಿಡಿದು ಬೇಸರ ಬಂತು. ಒಂದು ದಿನ ಮಳೆ ಬಂತು ಅಂತ ಹಳೆಯ ಕಲ್ಲಿನ ಗುಡಿಯ ಗೋಡೆ ಹಿಂದೆ ನಿಂತೆ. ಗೋಡೆ ಆ ಶ್ ಅನ್ನುವ ಮೇಲಿನ ಸದ್ದನ್ನು ತಡೆದು ಕೆಳಗಿನ ಗುಡುಗನ್ನು ಮಾತ್ರ ಬಿಟ್ಟಿತ್ತು. ಅದರ ಮುಂದೆ ಸೂರಿನ ಕಲ್ಲಿಂದ ಹನಿ ಟಪ್, ಟಪ್. ಆವಾಗ ಅದು ಫಾಲ್ಸ್ ಅಂತ ಕೇಳಿಸಿತು. ನಿಮ್ಮ ಹಿನ್ನೀರೂ ಹಾಗೇ. ಬರೀ ಅಗಲ ನೀರು ಹಿಡಿಯಬೇಡಿ, ಹತ್ತಿರದಲ್ಲಿ ಒಂದು ಸಣ್ಣ ಸದ್ದು ಇರಲಿ.


ಗುಮ್ಮಟದ ಓಣಿ:

ನಾನು ವಿಜಯಪುರದವನು. ಟ್ಯಾಸ್ಕಮ್ ಡಿಆರ್-05ಎಕ್ಸ್ ಇಟ್ಟುಕೊಂಡಿದ್ದೇನೆ, ಅದರ ಮೈಯಲ್ಲೇ ಎರಡು ಓಮ್ನಿ ಇವೆ. ಎಚ್1ಎನ್ ಇದ್ದವರಿಗೆ ಅದು ಬೇಡ. ಆದರೆ ಎರಡರ ಫರಕು ನನಗೆ ಗೊತ್ತಾಗಿದ್ದು ಗೋಳಗುಮ್ಮಟದಲ್ಲಿ. ಅದಕ್ಕೆ ಬರೆಯುತ್ತಿದ್ದೇನೆ.

ಗೆಳೆಯನ ಎಚ್1ಎನ್, ನನ್ನದು, ಎರಡೂ ತಗೊಂಡು ಬೆಳಗ್ಗೆ ಬಾಗಿಲು ತೆರೆದ ಕೂಡಲೇ ಮೆಟ್ಟಿಲು ಹತ್ತಿ ಪಿಸುಮಾತಿನ ಗ್ಯಾಲರಿಗೆ ಹೋದೆವು. ಶಾಲಾ ಪ್ರವಾಸದ ಬಸ್ಸು ಬರೋ ಮುಂಚೆ ಹೋಗಬೇಕು, ಆಮೇಲೆ ಬರೀ ಸೀಟಿ, ಕೂಗು. ಸ್ಟ್ಯಾಂಡ್ ಒಯ್ಯಬೇಕಾದರೆ ಪುರಾತತ್ವದವರ ಅನುಮತಿ ಬೇಕು, ನಾವು ಕೈಯಲ್ಲೇ ಹಿಡಿದೆವು. ಗೆಳೆಯ ಎದುರು ಗೋಡೆಗೆ ಹೋಗಿ, ನಡುವೆ ಮೂವತ್ತೇಳು ಮೂವತ್ತೆಂಟು ಮೀಟರ್ ಅಂತರ, ಒಂದು ಕಾಗದ ಹರಿದ. ಪರ್ ಅಂತ ನನ್ನ ಪಕ್ಕದಲ್ಲೇ ಹರಿದ ಹಾಗೆ ಕೇಳಿತು. ಕಿವಿಗೆ ಮೊದಲು ಹಿಂದಿನ ಗೋಡೆ, ಆಮೇಲೆ ಮೇಲೆ, ಆಮೇಲೆ ಸುತ್ತ. ಎಚ್1ಎನ್‌ನಲ್ಲಿ ಎರಡು ಮೈಕ್ ಒಂದರ ತಲೆ ಮೇಲೊಂದು ಅಡ್ಡ ಹಾಕಿ 90 ಡಿಗ್ರಿ ನೋಡುತ್ತವೆ. ಅದರಲ್ಲಿ ಕಾಗದ ಸ್ಪಷ್ಟವಾಗಿ ಬಂತು, ಆದರೆ ಎಲ್ಲ ಎದುರಿಗೇ ಇತ್ತು, ಕಿಟಕಿಯಿಂದ ನೋಡಿದ ಹಾಗೆ. ನನ್ನ ಓಮ್ನಿಯಲ್ಲಿ ಸುಸ್ ಸ್ವಲ್ಪ ಜಾಸ್ತಿ, ಆದರೆ ಗುಮ್ಮಟದ ಒಳಗೆ ನಿಂತ ಹಾಗಿತ್ತು. ಮೈಕ್ ನಡುವಿನ ಅಂತರ ಇನ್ನೂ ಇದ್ದಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತು.

ಬಾತು ಬಲದಿಂದ ಎಡಕ್ಕೆ ಹೋಗಬೇಕು ಅಂತ ನೀವು ಕೇಳ್ತಿದ್ದೀರಿ. ಎಚ್1ಎನ್ ಹಾಗೆ ಅಡ್ಡ ಹಾಕಿದ ಎಕ್ಸ್‌ವೈ ಜೋಡಿಯಲ್ಲಿ ಹೋಗುತ್ತೆ, ಆದರೆ ಅಂಗಳದಷ್ಟೇ ಅಗಲ. ನಿಮಗೆ ಬೇಕಾಗಿರೋದು ಹೊಲದಷ್ಟು ಅಗಲ. ನನ್ನ ಮತ ಖಾನಾಪುರದವರಿಗೆ.


ಖಾನಾಪುರ ಮಳೆ:

ಗೋಕಾಕದವರ ತಕರಾರು ಸರಿಯಾಗಿದೆ, ಒಪ್ಪಿಕೊಂಡೆ. ಮೊಬೈಲ್‌ಗೆ ಹಾಕುವಾಗ ಎರಡು ಚಾನೆಲ್ ಕೂಡಿಸಬೇಡಿ, ಒಂದು ಚಾನೆಲ್ ಮಾತ್ರ ಹಾಕಿ. ಪೈಪಿನ ಸದ್ದು ಹೋಗುತ್ತೆ.

ಬೀಳಗಿಯವರಿಗೆ ಇನ್ನೆರಡು ಮಾತು. ಜೋಡಿಯನ್ನು ಬಟ್ಟೆ ಹ್ಯಾಂಗರ್‌ನ ಎರಡು ತುದಿಗೆ ಕಟ್ಟಿ. ನಗಬೇಡಿ, ಎಷ್ಟೋ ಜನ ಹೀಗೇ ಮಾಡೋದು. ಸುಮಾರು 40 ಸೆಂಟಿಮೀಟರ್ ಅಂತರ ತಾನೇ ಸಿಗುತ್ತೆ. ಮರ ಇದ್ದರೆ ಕಾಂಡದ ಎರಡು ಮಗ್ಗುಲಿಗೆ ಕಟ್ಟಿದರೂ ಆಯಿತು, ಕಾಂಡವೇ ತಲೆಯ ಹಾಗೆ ಅಡ್ಡ ನಿಲ್ಲುತ್ತೆ.

ಗಾಳಿಗೆ ಬರೀ ಸ್ಪಂಜಿನ ಟೋಪಿ ಸಾಲದು. ಕ್ಯಾಪ್ಸೂಲ್ ಸುತ್ತ ಒಂದಿಷ್ಟು ನಿಂತ ಗಾಳಿ ಬೇಕು, ಅದರ ಹೊರಗೆ ತುಪ್ಪಟದ ಬಟ್ಟೆ. ಎರಡು ಚಹಾ ಸೋಸುವ ಜರಡಿ ಬಾಯಿಗೆ ಬಾಯಿ ಕೂಡಿಸಿದರೆ ಒಂದು ಗುಂಡು ಆಗುತ್ತೆ, ಅದರೊಳಗೆ ಮೈಕ್ ಇಡಿ, ಮೇಲೆ ಗೊಂಬೆ ಹೊಲಿಯುವ ಜೂಲಿನ ಬಟ್ಟೆ ಹೊಲಿಸಿ. ಬಟ್ಟೆ ಕೊಳ್ಳುವಾಗ ಬಾಯಿಗೆ ಹಚ್ಚಿ ಊದಿ ನೋಡಿ. ಉಸಿರು ಆಚೆ ಹೋದರೆ ಸದ್ದೂ ಹೋಗುತ್ತೆ. ಹೋಗಲಿಲ್ಲ ಅಂದರೆ ಹಿಂದೆ ರಬ್ಬರ್ ಹಚ್ಚಿರುತ್ತಾರೆ, ಅದು ಬೇಡ.

ನಸುಕಿನ ಇಬ್ಬನಿಗೆ ಹುಷಾರು. ಈ ಜಾತಿ ಮೈಕ್ ತೇವ ಕುಡಿದರೆ ಚಟಪಟ ಅನ್ನುತ್ತೆ. ಸೆನ್ಹೈಸರ್ ಎಂಕೆಎಚ್ ಸಾಲಿನ ಮೈಕ್‌ಗಳ ಒಳಗಿನ ಏರ್ಪಾಡೇ ಬೇರೆ, ತೇವಕ್ಕೆ ಅವು ಅಷ್ಟಾಗಿ ಹೆದರಲ್ಲ. ಆದರೆ ಅದರ ದುಡ್ಡಿನಲ್ಲಿ ನೀವು ಇನ್ನೊಂದು ಗಾಡಿಯ ಮುಂಗಡ ಕಟ್ಟಬಹುದು. ಬಳಸಿ ಬಂದ ಮೇಲೆ ಸಿಲಿಕಾ ಜೆಲ್ ಪುಡಿಕೆ ಹಾಕಿದ ಡಬ್ಬಿಯಲ್ಲಿಡಿ.


ಮೈಕ್‌ಸೆಟ್ ಬೀಳಗಿ:

ಬಹಳ ದಿನ ಆಯಿತು, ಸುದ್ದಿ ಹೇಳೋದು ಬಾಕಿ ಇತ್ತು.

ಜೋಡಿ ಹೊಂದಿಸಿದ ಇಎಂ272 ತರಿಸಿದೆ. 40 ಸಾವಿರದಲ್ಲಿ ಅರ್ಧಕ್ಕಿಂತ ಜಾಸ್ತಿ ಉಳಿಯಿತು. ಜರಡಿ ಬಾಗಲಕೋಟೆಯಲ್ಲಿ ತಗೊಂಡೆ, ನಾಲ್ಕು. ಹಿಡಿಕೆ ಗರಗಸದಿಂದ ಕತ್ತರಿಸಿದೆ. ಬಟ್ಟೆ ಅಂಗಡಿಯಲ್ಲಿ ಮೂರು ಥಾನು ಬಾಯಿಗೆ ಹಚ್ಚಿ ಊದಿದೆ. ನಾಲ್ಕನೆಯದಕ್ಕೆ ಅಂಗಡಿ ಕಾಕಾ ಕೇಳಿದರು, "ತಮ್ಮಾ, ರುಚಿ ನೋಡಾಕತ್ತೀಯೇನ?" ಆ ನಾಲ್ಕನೆಯದೇ ಪಾಸಾಯಿತು. ಕಂದು ಬಣ್ಣ. ಹೊಲಿಸಿದ ಮೇಲೆ ಎರಡು ಮುಂಗುಸಿ ಮರಿ ಹ್ಯಾಂಗರ್‌ಗೆ ಜೋತುಬಿದ್ದ ಹಾಗಿದೆ.

ಮೊದಲ ದಿನ ಕೆಟ್ಟಿತು. ಗಾಳಿ ಬಂದಾಗ ಜರಡಿಗೆ ಜರಡಿ ತಾಗಿ ಟಿಂಗ್ ಅನ್ನುತ್ತಿತ್ತು. ವೈರ್ ಹ್ಯಾಂಗರ್‌ಗೆ ಬಡಿಯುವ ಸದ್ದು ಬೇರೆ. ಹಳೆಯ ಸೈಕಲ್ ಟ್ಯೂಬ್ ಪಟ್ಟಿ ಮಾಡಿ ಜರಡಿಯ ಅಂಚಿಗೆ ಸುತ್ತಿದೆ. ಹ್ಯಾಂಗರನ್ನೂ ಸ್ಟ್ಯಾಂಡ್‌ಗೆ ಟ್ಯೂಬಿನಲ್ಲೇ ತೂಗು ಹಾಕಿದೆ. ವೈರನ್ನು ಒಂದು ಸಡಿಲ ಗಂಟು ಹಾಕಿ ಹ್ಯಾಂಗರ್‌ಗೆ ಬಿಗಿದೆ. ಮೈಕ್‌ಸೆಟ್‌ನವನ ಮನೆಯಲ್ಲಿ ಸೈಕಲ್ ಟ್ಯೂಬಿಗೆ ಬರ ಇಲ್ಲ.

ಎಳ್ಳಮವಾಸ್ಯೆಗೆ ಹೊಲಕ್ಕೆ ಹೋಗುವಾಗ ಒಯ್ದೆ. ಎಲ್ಲರೂ ಸಜ್ಜಿ ರೊಟ್ಟಿ, ಪಲ್ಯದ ಬುತ್ತಿ ಬಿಚ್ಚುವ ಮುಂಚೆ ಚರಗ, ಅಂದರೆ ಹೊಲಕ್ಕೆ ಎಡೆ, ಚೆಲ್ಲಬೇಕಲ್ಲ, ನಮ್ಮ ಕಾಕಾ ಬುಟ್ಟಿ ಹಿಡಿದು ಮುಂದೆ, ಹಿಂದೆ ತಮ್ಮನ ಮಗ ನೀರಿನ ತಂಬಿಗೆ. ಕಾಕಾ ಕೂಗುತ್ತ ಹೊಲದ ಸುತ್ತ ಹೊರಟರು. ನಾನು ನಡುವೆ ಬದುವಿನ ಮಗ್ಗುಲಲ್ಲಿ ಮೈಕ್ ಇಟ್ಟು ಹೆಡ್‌ಫೋನ್ ಹಾಕಿ ಕುಕ್ಕರಗಾಲಲ್ಲಿ ಕೂತೆ. ಕಣ್ಣು ಮುಚ್ಚಿದ್ದೆ. ಕೂಗು ಎಡಗಿವಿಯಿಂದ ಹೊರಟು ಜೋಳದ ಹಿಂದೆ ಹೋದಾಗ ತೆಳ್ಳಗಾಯಿತು. ಜೋಳದ ಗರಿಯ ಸರಸರ ಅದರ ಮುಂದೆ ಬಂತು. ಒಂದು ಕಡೆ ದನಿ ಸಣ್ಣಗೆ ಮುಚ್ಚಿ ಮತ್ತೆ ತೆರೆಯಿತು. ಕಣ್ಣು ಬಿಟ್ಟು ನೋಡಿದೆ, ಕಾಕಾ ಬನ್ನಿ ಗಿಡದ ಹಿಂದಿನಿಂದ ಈಚೆ ಬಂದಿದ್ದರು! ಆಮೇಲೆ ಬಲಗಿವಿ, ಆಮೇಲೆ ನನ್ನ ಬೆನ್ನ ಹಿಂದೆ. ತಂಬಿಗೆಯ ನೀರು ಬಿದ್ದ ಸದ್ದೂ ಇದೆ, ಎರಡು ಮಾರು ದೂರದಲ್ಲಿ ಹಾದಾಗ.

ಊಟ ಆದ ಮೇಲೆ ಕಾಕಾಗೆ ಕೇಳಿಸಿದೆ. ಒಂದು ನಿಮಿಷ ಸುಮ್ಮನೆ ಕೂತರು. ನಂತರ ಹೆಡ್‌ಫೋನ್ ತೆಗೆದು ಹಿಂದೆ ತಿರುಗಿ ನೋಡಿದರು. ಯಾರೂ ಇರಲಿಲ್ಲ. "ನಂದs ದನಿ ನನ್ನ ಬೆನ್ನಿಗೆ ಬಂತಲೇ," ಅಂದು ಮತ್ತೆ ಹಾಕಿಕೊಂಡರು.

ಬಾತುಗಳಿಗೆ ನಾಲ್ಕು ಸಲ ಹೋದೆ. ಮೊದಲನೆಯ ಸಲ ಇಬ್ಬನಿ, ಖಾನಾಪುರದ ಸರ್ ಹೇಳಿದ ಹಾಗೇ ಚಟಪಟ. ಎರಡನೆಯ ಸಲ ಕಬ್ಬಿನ ಗಾಡಿ. ಮೂರನೆಯ ಸಲ ಎಲ್ಲ ಸರಿಯಿತ್ತು. ತ್ರೀ ಫೇಸ್ ಹೋಗಿತ್ತು, ಗಾಳಿ ಬಿದ್ದಿತ್ತು, ಗೋಕಾಕದವರ ಮಾತು ನೆನೆದು ದಂಡೆಯ ಕೆಸರಿನ ಹತ್ತಿರವೇ ಸ್ಟ್ಯಾಂಡ್ ಇಟ್ಟಿದ್ದೆ, ನೀರು ಪಿಳಕ್ ಪಿಳಕ್ ಅನ್ನೋದು ಚೆನ್ನಾಗಿ ಬರುತ್ತಿತ್ತು. ಹಿಂಡು ಇನ್ನೇನು ಎದ್ದಿತು ಅನ್ನೋವಾಗ ದೂರದಿಂದ ಭಜನೆ ಶುರು. ಸಣ್ಣಗೆ, ಆದರೆ ಪದ ಪದ ಬಿಡಿಸಿ ಕೇಳುತ್ತೆ. ಅಷ್ಟು ಸ್ಪಷ್ಟ. ಎರಡು ಕಿಲೋಮೀಟರ್ ಆಚೆಯ ಗುಡಿ. ಅಲ್ಲಿ ಹಾರ್ನ್ ಕಟ್ಟಿದವನು ನಾನು. ನೀರಿನ ಮೇಲೆ ಸದ್ದು ದೂರ ಹೋಗುತ್ತೆ ಅಂತ ಕಳೆದ ವರ್ಷ ಅದರ ಬಾಯಿ ಹಿನ್ನೀರಿನ ಕಡೆ ತಿರುಗಿಸಿ, ಆಚೆ ದಂಡೆಯ ಊರಿಗೂ ಕೇಳುತ್ತೆ ನೋಡ್ರಿ ಅಂತ ಹೆಮ್ಮೆಯಿಂದ ಹೇಳಿ ಬಂದಿದ್ದೆ.

ಮರುದಿನ ಏಣಿ ಒಯ್ದು ಕಂಬ ಹತ್ತಿ ಹಾರ್ನನ್ನು ಊರ ಕಡೆ ತಿರುಗಿಸಿದೆ. ಪೂಜಾರಿ ಕೆಳಗಿನಿಂದ ಕೇಳಿದರು, "ಯಾಕೋ, ಚಲೋ ಇತ್ತಲ್ಲ?" ನಾನು ಅಂದೆ, "ಆ ಕಡೆ ಬರೇ ಬಾತು ಅದಾವ್ರೀ. ಭಜನಿ ಕೇಳೋ ಮಂದಿ ಎಲ್ಲಾ ಈ ಕಡೆ ಅದಾರ."

ನಾಲ್ಕನೆಯ ಸಲ ಸಿಕ್ಕಿತು. 11 ನಿಮಿಷ. ಬಲದಿಂದ ಎಡಕ್ಕೆ, ನೆತ್ತಿ ಮೇಲೆ ಹಾದು. ರೆಕ್ಕೆಯ ಸದ್ದೂ ಇದೆ.


ಗುಮ್ಮಟದ ಓಣಿ:

ಫೈಲ್ ಬೇಗ ಹಾಕ್ರೀ. ಮತ್ತೆ ಆ ಜರಡಿ ಎಷ್ಟು ಇಂಚಿನದು?


ಮೈಕ್‌ಸೆಟ್ ಬೀಳಗಿ:

3 ಇಂಚು. ನಾಲ್ಕು ಕೊಂಡರೆ ಸಾಲದು, ಐದು ತಗೊಳ್ಳಿ. ಐದನೆಯದು ಚಹಾಕ್ಕೆ.